ಬದನೆ ಗಿಡಕ್ಕೆ ನೀರು ಹುಯ್ದಾಗ

ಕೆಂಗೇರಿಯಲ್ಲಿ ವಿಜಯನಗರದ ಬಸ್ಸಿಗೆ ಕಾಯುತ್ತಿದ್ದ ಪಂಕಜಮ್ಮನವರ ಕಿವಿ, ಪಕ್ಕದಲ್ಲಿ ನಿಂತಿದ್ದ ಇಬ್ಬರು ಹೆಂಗಸರ ಮಾತಿನ ಕಡೆ ತಾನಾಗಿಯೇ ತಿರುಗಿತು.

“ನಿಮ್ಮತ್ತೆ ಹೇಗಿದಾರೆ ಸುಮಾ? ಈಗಲಾದ್ರೂ ಮಾತಾಡ್ತಾರಾ?”

“ಮಾವ ಹೋದಾಗಿಂದ ಒಂದ್ ಮಾತಿರ್ಲಿಲ್ಲ ಅಕ್ಕ. ಡಾಕ್ಟರ್‌ಗೆ ತೋರ್ಸಿದ್ವಿ, ಹರಕೆ ಹೊತ್ವಿ. ಸುಮ್ನೆ ಬಾಲ್ಕನೀಲಿ ಕೂತಿರೋರು.”

“ಅಯ್ಯೋ ಪಾಪ.”

“ಅಲ್ಲೇ ಹಳೇ ಪೇಂಟ್ ಬಕೆಟ್‌ನಲ್ಲಿ ಬದನೆ ಗಿಡ ಹಾಕಿದೀನಿ. ನಿನ್ನೆ ಅದಕ್ಕೆ ನೀರು ಹುಯ್ತಾ ಇದ್ದೆ. ‘ಸಾಕು ನಿಲ್ಸೇ! ಬೇರು ಕೊಳೆಸಿ ಸಾಯಿಸ್ತೀಯಾ ಅದನ್ನ?’ ಅಂತ ಗದರಿದ್ರು!”

“ಯಾರು, ನಿಮ್ಮತ್ತೇನಾ?”

“ಹೂಂ ಅಕ್ಕ! ಗಾಬರೀಲಿ ಕೈಲಿದ್ದ ಚೊಂಬು ಬೀಳಿಸ್ದೆ. ಅದಕ್ಕೂ ಬೈದ್ರು.”

“ನೀನೇನ್ ಮಾಡ್ದೆ?”

“ಅಳು ಬಂದ್ಬಿಡ್ತು. ಒಳಗೆ ಓಡೋಗಿ ನಮ್ಮೆಜಮಾನ್ರಿಗೆ ಫೋನ್ ಮಾಡಿ, ‘ರೀ, ನಿಮ್ಮಮ್ಮ ನನ್ನ ಬೈದ್ರು’ ಅಂದೆ. ‘ಇನ್ನೊಂದ್ಸಲ ಹೇಳು, ಏನಂತ ಬೈದ್ರು?’ ಅಂತ ಅವರೂ ಅಳ್ತಾರೆ!”

ಬಸ್ಸು ಬಂತು. ಇಬ್ಬರೂ ಕಣ್ಣೊರೆಸಿಕೊಂಡು ನಗುತ್ತಾ ಹತ್ತಿದರು. ತಾವೂ ಹತ್ತಬೇಕಾದದ್ದು ಅದೇ ಬಸ್ಸೆಂದು ಪಂಕಜಮ್ಮನವರಿಗೆ ಹೊಳೆಯುವಷ್ಟರಲ್ಲಿ ಅದು ಹೊರಟೇಹೋಗಿತ್ತು. ಅವರಿಗೇಕೋ ಬೇಸರವೇ ಆಗಲಿಲ್ಲ.