ರಟ್ಟಿನ ಟೈಪ್‌ರೈಟರಿನ ಮಿಸ್ಸು

ಹೊಸ ವರ್ಷಕ್ಕೆ ಮೋಚಿ ಎಂಬ ಜಪಾನೀ ಅಕ್ಕಿ ಉಂಡೆ ಮಾಡಲು ಸೇರಿದ ದಿನ ಬೆಳಿಗ್ಗೆ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಬುದ್ಧಮಂದಿರದ ಅಡುಗೆಮನೆಯಲ್ಲಿ ಉದ್ದನೆಯ ಮೇಜಿನ ಸುತ್ತ ಕೂತು, ಒರಳಿನಲ್ಲಿ ಕುಟ್ಟಿದ ಬಿಸಿ ಅನ್ನದ ಹಿಟ್ಟನ್ನು ಉಂಡೆ ಕಟ್ಟಿ ಮುಗಿಸಿದ್ದೆವು. ಹೊರಗೆ ಸ್ಟ್ರಾಬೆರಿ ಹೊಲಗಳೆಲ್ಲ ಕೆರೆಯಾಗಿದ್ದವು. ಹೆದ್ದಾರಿಗೆ ನೀರು ನುಗ್ಗಿ ಯಾರ ಕಾರೂ ಹೊರಡುವಂತಿರಲಿಲ್ಲ. ಅಷ್ಟರಲ್ಲಿ ಕರೆಂಟೂ ಹೋಯಿತು. ಮೇಣದಬತ್ತಿ ಹಚ್ಚಿದ್ದೇ ತಡ, ಮಕ್ಕಳೆಲ್ಲ ತೊಂಬತ್ತು ದಾಟಿದ ಮಸಾಯೊ ಅಜ್ಜಿಯನ್ನು ಮುತ್ತಿಕೊಂಡರು. "ಅಜ್ಜಿ, ದೆವ್ವದ ಕತೆ! ನಿಜವಾದದ್ದು!"

"ನಿಜವಾದದ್ದೇ ಬೇಕಾ?" ಅಜ್ಜಿ ಶಾಲು ಎಳೆದುಕೊಂಡರು. "ಹಂಗಾದ್ರೆ ಹತ್ರ ಬನ್ನಿ. ಆಮೇಲೆ ರಾತ್ರಿ ಬಚ್ಚಲಿಗೆ ಹೋಗೋಕೆ ಹೆದರಿಕೆ ಅಂತ ನನ್ನ ಎಬ್ಬಿಸೋ ಹಾಗಿಲ್ಲ, ಗೊತ್ತಾಯ್ತಾ?"

ಆಮೇಲೆ ಅವರು ಹೇಳಿದ್ದು ಹೀಗೆ.

"ಯುದ್ಧದ ಕಾಲ ಕಣ್ರೋ. ನಾವು ಹುಟ್ಟಿದ್ದು ಈ ದೇಶದಲ್ಲೇ ಆದ್ರೂ, ಯುದ್ಧ ಜಪಾನಿನ ಮೇಲೆ, ನಮ್ಮದು ಜಪಾನಿನವರ ಮುಖ ಅಂತ ನಮ್ಮ ಸರ್ಕಾರವೇ ನಮ್ಮನ್ನ ಹೊಲ ಮನೆ ಬಿಡಿಸಿ ಮರುಭೂಮಿ ಕ್ಯಾಂಪಿಗೆ ತಳ್ಳಿತ್ತಲ್ಲ, ಆಗ ನಾನು ಹೈಸ್ಕೂಲು. ಎಂಥ ಹೈಸ್ಕೂಲು ಅಂತೀರಾ? ಟಾರು ಬಳಿದ ಕಾಗದ ಹೊದಿಸಿದ ಶೆಡ್ಡುಗಳು, ಹಲಗೆ ಸಂದಿಯಿಂದ ಮೇಲೇಳೋ ಧೂಳು, ಆಚೆಗೆ ಮುಳ್ಳುತಂತಿ... ಕೂರೋಕೆ ಒಂದು ಕುರ್ಚಿ ಇಲ್ಲ. ಆದ್ರೂ ಕೇಳಿ, ಪಾಠದ ಜೊತೆ ಇಷ್ಟ ಬಂದ ಕಸುಬೋ ಕಲೆಯೋ ಆರಿಸ್ಕೊಂಡು ಕಲೀಬಹುದಿತ್ತು! ಮರಗೆಲಸದ ಹುಡುಗರು ಬಿಸಾಕಿದ ಹಲಗೆ ಹೆಕ್ಕಿ ತಂದು ಇಡೀ ಸ್ಕೂಲಿಗೆ ಬೆಂಚು ಮಾಡಿದ್ರು. ಹೊಲಿಗೆ ಕ್ಲಾಸಿನ ಹುಡುಗೀರು ಸೈನ್ಯದವರ ಹಳೇ ಕೋಟು ಬಿಚ್ಚಿ, ತಿರುಗಿಸಿ ಹೊಲ್ದು ಹಾಕ್ಕೊಂಡು ಓಡಾಡಿದ್ರೆ ಕಾವಲುಗೋಪುರದ ಸಿಪಾಯಿ ಬಾಯಿ ಬಿಟ್ಕೊಂಡು ನೋಡ್ತಿದ್ದ. ಆ ಮರಳಲ್ಲಿ ಹೂವು ಬಿಡ್ತಿರ್ಲಿಲ್ವಲ್ಲ, ಅದಕ್ಕೆ ಕಾಗದದ ಹೂ ಮಾಡೋ ಕ್ಲಾಸೂ ಇತ್ತು. ನಾನು, ನನ್ನ ಗೆಳತಿ ಹಿಸಾಯೆ ಸೇರಿದ್ದು ಟೈಪಿಂಗಿಗೆ. ಟೈಪ್‌ರೈಟರೇ ಇಲ್ಲದ ಟೈಪಿಂಗ್ ಕ್ಲಾಸಿಗೆ!

"ನಗಬೇಡಿ. ಮಿಸ್ ಇನಗಾಕಿ ಅಂತ, ಬಂದರಿನ ಆಫೀಸಲ್ಲಿ ಟೈಪಿಸ್ಟ್ ಆಗಿದ್ದವರು, ನಮಗಿಂತ ಹತ್ತು ವರ್ಷ ದೊಡ್ಡವರಿರಬಹುದು ಅಷ್ಟೆ... ದಿನಾ ಒಗೆದು ಇಸ್ತ್ರಿ ಮಾಡಿದ ಬಿಳೀ ಕಾಲರು. ಆ ಧೂಳಲ್ಲಿ ಹೇಗೆ ಬೆಳ್ಳಗಿಟ್ಕೊಂಡಿದ್ರೋ ದೇವರೇ ಬಲ್ಲ! ಮೊದಲನೇ ದಿನವೇ ಚಿತ್ರಕಲೆ ಹುಡುಗರ ಹತ್ರ ರಟ್ಟಿನ ಮೇಲೆ ಅಕ್ಷರದ ಗುಂಡಿಗಳನ್ನ ಬರೆಸಿ ತಂದು ಎಲ್ಲರ ಮುಂದೆ ಇಟ್ರು. 'ಯಂತ್ರ ಇಲ್ಲ ಅಂತ ಬೆರಳಿಗೆ ಯಾರೂ ಹೇಳಬೇಡಿ. ಅವಕ್ಕೆ ಗೊತ್ತಾಗೋದು ಬೇಡ' ಅಂದ್ರು. ಸಾಲು ಮುಗಿದಾಗ ಯಂತ್ರದ ಗಂಟೆ ಹಾಗೆ ಬಾಯಲ್ಲೇ 'ಟಿಂಗ್' ಅನ್ನೋರು. ನಾವೆಲ್ಲ ಎಡಗೈ ಎತ್ತಿ, ಮುಂದಿನ ಸಾಲಿಗೆ ಹೋಗೋಕೆ ಇಲ್ಲದ ಹಿಡಿಕೆ ಹಿಡಿದು ಗಾಳೀಲಿ ಬಲಕ್ಕೆ ತಳ್ಳೋದು.

"ಮರಗೆಲಸದ ಹುಡುಗರು ಕಿಟಕೀಲಿ ಇಣುಕಿ, 'ಏನ್ರೇ, ರಟ್ಟಿನ ಮೇಲೆ ಪಿಯಾನೊ ಬಾರಿಸ್ತಿದೀರಾ?' ಅಂತ ಕಿಚಾಯಿಸೋರು. ಹಿಸಾಯೆ ಬಿಡ್ತಾಳಾ? 'ನೀವು ಮಾಡಿದ ಬೆಂಚು ಕುಂಟಿಕೊಂಡು ಕುಣೀತಿದೆಯಲ್ಲ, ಅದಕ್ಕೆ ತಾಳ ಹಾಕ್ತಿದೀವಿ ಕಣ್ರೋ!' ಅನ್ನೋಳು.

"ಆದ್ರೆ ಆ ಧೂಳು ಮಿಸ್ ಎದೆಗೆ ಇಳೀತು. ಕೆಮ್ಮು. ಕರವಸ್ತ್ರ ಬಾಯಿಗಿಟ್ಕೊಂಡೇ ಪಾಠ ಮಾಡಿದ್ರು... ಚಳಿಗಾಲ ಮುಗಿಯೋಕೆ ಮುಂಚೆ ಕ್ಯಾಂಪಿನ ಆಸ್ಪತ್ರೇಲಿ ತೀರ್ಕೊಂಡ್ರು. ಕಿಚಾಯಿಸಿದ ಹುಡುಗರೇ ಶವಪೆಟ್ಟಿಗೆ ಮಾಡಿ, ಮರಳುಕಾಗದ ಹಾಕಿ ಕನ್ನಡಿ ಹಾಗೆ ಉಜ್ಜಿದ್ರು. ಹೊಲಿಗೆಯವರು ಒಳಗೆ ಬಟ್ಟೆ ಹೊಲಿದ್ರು. ಹೂವಿನ ಕ್ಲಾಸಿನವರು ಬಿಳೀ ಸೇವಂತಿಗೆ ಮಾಡಿ ಮಾಡಿ ತುಂಬಿಸಿದ್ರು. ನಾವು ಟೈಪಿಂಗಿನವರು ಏನು ಕೊಡೋಕಾಗುತ್ತೆ ಹೇಳಿ? ಮಾರನೇ ದಿನ ಮಿಸ್ ಇಲ್ಲದ ರೂಮಿಗೆ ಹೋಗಿ, ನಮ್ಮ ನಮ್ಮ ರಟ್ಟಿನ ಮುಂದೆ ಕೂತ್ವಿ. ದಿನಾ ಕೂತ್ವಿ."

ತಗಡಿನ ಮಾಡಿನ ಮೇಲೆ ಮಳೆ ಜೋರಾಯಿತು. ಯಾರೋ ಅಜ್ಜಿಗೆ ಚಹಾ ಬಗ್ಗಿಸಿಕೊಟ್ಟರು.

"ವಸಂತದಲ್ಲಿ ಷಿಕಾಗೊದ ಚರ್ಚಿನವರ ಕಡೆಯಿಂದ ಒಬ್ಬ ಬಿಳಿ ಹೆಂಗಸು ಬಂದ್ಲು, ನಿಜವಾದ ಟೈಪ್‌ರೈಟರ್ ಹೊತ್ಕೊಂಡು. ಪರೀಕ್ಷೇಲಿ ಗೆದ್ದ ಒಬ್ಬಳಿಗೆ ಷಿಕಾಗೊದಲ್ಲಿ ಕೆಲಸ, ಮನೆಯವರ ಸಮೇತ ಕ್ಯಾಂಪಿಂದ ಬಿಡುಗಡೆ! ಹಿಸಾಯೆಗೆ ಅದು ಬೇಕೇಬೇಕಿತ್ತು. ಅವಳಮ್ಮನಿಗೆ ಕಣ್ಣಲ್ಲಿ ಪೊರೆ, ಊಟದ ತಟ್ಟೆ ತಡವಿಕೊಂಡು ಉಣ್ಣೋರು. ಕ್ಯಾಂಪಿನ ಡಾಕ್ಟರು 'ಇಲ್ಲಿ ಆಪರೇಶನ್ ಆಗಲ್ಲಮ್ಮ' ಅಂದುಬಿಟ್ಟಿದ್ರು.

"ಮಟಮಟ ಮಧ್ಯಾಹ್ನ. ಹೊರಗೆ ಧೂಳಿನ ಬಿರುಗಾಳಿ. ನಾವು ಒಬ್ಬೊಬ್ಬರಾಗಿ ಕೂತ್ವಿ, ಒಬ್ಬೊಬ್ಬರಾಗಿ ಸೋತ್ವಿ. ರಟ್ಟು ಸವರಿದ ಬೆರಳಿಗೆ ಕಬ್ಬಿಣದ ಗುಂಡಿ ಒತ್ತೋಕಾಗುತ್ತಾ? ನನ್ನ ಕಾಗದದ ಮೇಲಂತೂ ಕಾಗೆ ಕುಣಿದ ಹಾಗಿತ್ತು. ಕೊನೆಗೆ ಹಿಸಾಯೆ. 'ಮಸಾ, ನನ್ನ ಕೈಲಾಗಲ್ಲ ಕಣೇ' ಅಂತ ನನ್ನ ಕಡೆ ತಿರುಗಿದ್ಲು.

"ಆಗ ಕೇಳಿಸ್ತು... ನಮ್ಮ ಹಿಂದೆ, ಖಾಲಿ ಬೆಂಚುಗಳ ಕಡೆಯಿಂದ. ಟಪ. ಟಪಟಪ. ಟಪಟಪಟಪ... ರಟ್ಟಿನ ಮೇಲೆ ಬೆರಳು ಆಡೋ ಸದ್ದು. ಮರಳು ಬಡಿಯೋ ಸದ್ದಿರಬಹುದಲ್ಲ ಅಂತೀರಾ? ಮರಳಿಗೆ ತಾಳ ಇರುತ್ತಾ? ಆ ತಾಳ ನಮಗೆಲ್ಲ ಗೊತ್ತಿದ್ದದ್ದೇ. ಹಿಸಾಯೆ ಕಣ್ಣು ಮುಚ್ಚಿದ್ಲು. ಶುರು ಮಾಡಿದ್ಲು ನೋಡಿ! ಯಂತ್ರ ಮಳೆ ಸುರಿದ ಹಾಗೆ ಸುರೀತು. ಸಾಲು ಮುಗೀತು, ಟಿಂಗ್ ಅಂತು. ಅವಳು ರೂಢಿಯಂತೆ ಎಡಗೈ ಎತ್ತಿ ಗಾಳೀಲಿ ತಳ್ಳಿದ್ಲು. ಅಯ್ಯೋ, ನಿಜವಾದ ಹಿಡಿಕೆ ಇದ್ದದ್ದು ಇನ್ನೂ ಮೇಲೆ, ಇನ್ನೂ ಎಡಕ್ಕೆ! ಅವಳ ಕೈ ಅದನ್ನ ಮುಟ್ಟಲೇ ಇಲ್ಲ. ನಾನು ಈ ಕಣ್ಣಾರೆ ನೋಡಿದೀನಿ... ಮುಟ್ಟಲೇ ಇಲ್ಲ. ಆದ್ರೂ ಹಿಡಿಕೆ ತಾನಾಗೇ ಬಗ್ಗಿತು, ಯಂತ್ರದ ತಲೆ ಸರ್ರಂತ ಬಲಕ್ಕೆ ಜಾರ್ತು. ಪ್ರತಿ ಸಾಲಿಗೂ ಹಾಗೇ.

"ಒಂದು ತಪ್ಪಿಲ್ಲ. ಷಿಕಾಗೊ ಹೆಂಗಸು ಕಾಗದ ಎಳೆದು ನೋಡಿ ಬೆರಗಾದ್ಲು. 'ಎಂಥ ಗುರು ಸಿಕ್ಕಿದಾರಮ್ಮ ನಿಮಗೆ! ಅವರ ಕೈ ಕುಲುಕಬೇಕು. ಎಲ್ಲಿ ಹೋದ್ರು? ಈಗ ತಾನೇ ಆ ಹಿಂದಿನ ಬೆಂಚಿನ ಹತ್ರ ನಿಂತಿದ್ರಲ್ಲ, ಬಿಳೀ ಕಾಲರಿನವರು...'

"ಎಲ್ಲರೂ ಎದ್ದು ನಿಂತು, ಆ ಖಾಲಿ ಬೆಂಚಿಗೆ ತಲೆ ಬಗ್ಗಿಸಿದ್ವಿ.

"ಹಿಸಾಯೆ ಷಿಕಾಗೊಗೆ ಹೋದ್ಲು. ಅವಳಮ್ಮನಿಗೆ ಆಪರೇಶನ್ ಆಯ್ತು. ಕಣ್ಣಿನ ಪಟ್ಟಿ ಬಿಚ್ಚಿದಾಗ ಅವರು ಮೊದಲು ನೋಡಿದ್ದು ಮಗಳ ಬೆರಳುಗಳನ್ನಂತೆ. ಯುದ್ಧ ಮುಗಿದು ನಾವೆಲ್ಲ ಈ ಕಡೆ ವಾಪಸ್ ಬಂದ್ವಿ, ಮದುವೆ, ಮಕ್ಕಳು... ಹೋದ ವರ್ಷ ಹಿಸಾಯೆಗೆ ಕಾಯಿಲೆ ಅಂತ ನೋಡೋಕೆ ಹೋಗಿದ್ದೆ. ನನ್ನ ಗುರುತು ಸಿಗಲಿಲ್ಲ ಪಾಪ. ಮಾತು ನಿಂತುಹೋಗಿತ್ತು. ಬೆರಳು ಮಾತ್ರ ಹೊದಿಕೆ ಮೇಲೆ ಆಡ್ತಾನೇ ಇತ್ತು. ನರ್ಸು 'ವಯಸ್ಸಾದವರ ನಡುಕ' ಅಂದ್ಲು. ನಡುಕ! ನಾನೂ ಅದೇ ಕ್ಲಾಸಿನವಳಲ್ವಾ, ಬೆರಳು ಓದೋಕೆ ನನಗೆ ಬರಲ್ವಾ? 'ಬಂದೆ ಮಿಸ್, ಬಂದೆ' ಅಂತ ಬರೀತಿದ್ಲು. ಆಮೇಲೆ ನಿಧಾನಕ್ಕೆ... 'ಮಸಾ, ಮಿಸ್ ನಿನ್ನ ಹೆಸರು ಕೂಗ್ತಿದಾರೆ, ನೀನ್ಯಾಕೆ ಓಗೊಡ್ತಿಲ್ಲ?' ಆ ವಾರವೇ ಅವಳು ಹೋದ್ಲು."

"ನಿಮಗೆ ಹೆದರಿಕೆ ಆಗಲ್ವಾ ಅಜ್ಜಿ?" ಒಬ್ಬಳು ಹುಡುಗಿ ಪಿಸುಗುಟ್ಟಿದಳು.

"ಅಂಥ ಗುರು ಕರೆದ್ರೆ ಹೆದರಿಕೆ ಯಾಕಮ್ಮ? ಪುಣ್ಯ ಅಲ್ವಾ? ಆದ್ರೆ ಈಚೀಚೆಗೆ ಬೆಳಿಗ್ಗೆ ಎಚ್ಚರ ಆದಾಗ ನೋಡ್ತೀನಿ, ಹೊದಿಕೆ ಮೇಲೆ ನನ್ನ ಬೆರಳುಗಳೂ ಆಡ್ತಿರ್ತವೆ... ಅವು ಏನು ಬರೀತಿದಾವೆ ಅಂತ ನಾನು ಓದಕ್ಕೆ ಹೋಗಲ್ಲ."