ನಗರದ ಗುಂಡಿಗೆ ಮೆತ್ತಿದ ಕೆಸರು

ಅಲ್ಲ ಮಕ್ಳಾ, ನನ್ನ ಕೆಲಸದಿಂದ ಓಡಿಸೋಕೆ ಹೊರಟದ್ದು ಕದ್ದದ್ದಕ್ಕಲ್ಲ. ಕೆಸರು ಮೆತ್ತಿದ್ದು. ಅಷ್ಟೇ ನಾ ಮಾಡಿದ ತಪ್ಪು. ಹೊಸನಗರದಿಂದ ಆಚೆ ನಗರ ಅಂತ ಊರು ಇದೆಯಲ್ಲ, ಬಸ್ಸಲ್ಲಿ ಹೋಗ್ವಾಗ ಕೋಟೆ ಕೋಟೆ ಅಂತ ಕೈ ತೋರಿಸ್ತೀರಲ್ಲ, ಅಲ್ಲಿ. ಡ್ಯಾಮಿನ ನೀರು ನಮ್ಮ ಗದ್ದೆ ಮೇಲೆ ಬಂದ ವರ್ಷ. ಆ ವರ್ಷ ಅಲ್ಲ, ಮಾರನೇ ವರ್ಷ. ಮನೇಲಿ ನಿಮ್ಮಜ್ಜಿ, ಕೈಗೂಸು ನಿಮ್ಮಪ್ಪ. ಡಬ್ಬದಲ್ಲಿ ಅಕ್ಕಿ ಇಲ್ಲ. ಹಳೇ ಕಾಲದ ಗುರುತು ಹುಡುಕೋ ಸಾಹೇಬ್ರು ಒಬ್ರು ಬಂದಿದ್ದಾರೆ, ಹಳೇ ಅರಮನೆ ಜಾಗ ಅಗೆಯೋಕೆ ಆಳು ಬೇಕು ಅಂದ್ರು, ಹೋದೆ. ಅಗೆಯೋದು ಅಂದ್ರೆ ಪಿಕಾಸಿ ಹೊಡೆಯೋದಲ್ಲ ಮಕ್ಳಾ, ಗಾರೆಯೋರ ಕರಣೆ ಹಿಡಿದು ಕೆರೆಯೋದು, ಮಣ್ಣು ಜರಡಿ ಹಿಡಿಯೋದು, ಬಳೆ ಚೂರು ಹೆಂಚಿನ ಚೂರು ಸಿಕ್ಕಿದ್ರೆ ಸಾಹೇಬ್ರ ಕೈಗೆ ಕೊಡೋದು. ಚೌಕ ಗುಂಡಿ, ಎದೆಮಟ್ಟ. ಅದರ ಗೋಡೆ ಮಾತ್ರ ನನ್ನ ಕಣ್ಣಿಗೆ ಸರಿ ಬರ್ಲಿಲ್ಲ. ಒಂದು ಕಡೆ ಕಪ್ಪು, ಒಂದು ಕಡೆ ಕೆಂಪು, ಉದುರ್ತಿತ್ತು. ಗದ್ದೆ ಅಂಚನ್ನ ಹಂಗೆ ಬಿಟ್ರೆ ಊರೋರು ನಗ್ತಾರೆ. ವರ್ಷಾ ವರ್ಷಾ ಅಂಚು ಕೆತ್ತಿ ಕೆಸರು ಮೆತ್ತಿದ ಕೈ ಇದು. ಗದ್ದೆ ಹೋಗಿತ್ತು, ಕೈ ಇತ್ತಲ್ಲ. ಒಂದಿನ ಬೆಳಿಗ್ಗೆ ಎಲ್ಲರಿಗಿಂತ ಮೊದ್ಲು ಹೋಗಿ, ನೀರು ಹೊತ್ತು, ಕೆಸರು ಕಲಸಿ, ನಾಲ್ಕೂ ಗೋಡೆಗೆ ಮೆತ್ತಿದೆ. ನುಣ್ಣಗೆ.

ಸಾಹೇಬ್ರು ಬಂದ್ರು. ಬಯಲುಸೀಮೆಯೋರು, ಸಣಕಲು ಆಳು. ಗುಂಡಿ ನೋಡಿ ಅಲ್ಲೇ ಕೂತ್ಬಿಟ್ರು. ಅವರಿಗೆ ಬೇಕಿದ್ದದ್ದೇ ಆ ಕಪ್ಪು ಕೆಂಪು ಪದರ, ನಾ ಅದನ್ನೇ ಮುಚ್ಚಿದ್ದೆ. ಮೇಸ್ತ್ರಿ ನನ್ನ ಮೇಲೆ ಹಾರಿದ, ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ ಅಂದ. ನಿಮ್ಮಜ್ಜಿಗೆ ಏನು ಹೇಳೋದು ಅನ್ನೋದೇ ನನ್ನ ಚಿಂತೆ.

"ಯಾಕಯ್ಯಾ ಮಾಡ್ದೆ?" ಅಂದ್ರು ಸಾಹೇಬ್ರು.

"ಉದುರ್ತಿತ್ತು ಸ್ವಾಮಿ. ಗದ್ದೆ ಅಂಚಿಗೆ ಮೆತ್ತಿದ ಹಂಗೆ ಮೆತ್ತಿದೆ."

"ಎಲ್ಲಿ ನಿನ್ನ ಗದ್ದೆ?"

"ನೀರಡಿ."

ಸಾಹೇಬ್ರು ಎದ್ದು ಬಂದ್ರು. ಆಮೇಲೆ ಅವರ ಕರಣೇನೇ ನನ್ನ ಕೈಗೆ ಕೊಟ್ಟು, "ಅಂಚು ಕೆತ್ತೋಕೂ ಬರ್ತದಲ್ಲ, ಕೆತ್ತು" ಅಂದ್ರು.

ಕೆತ್ತಿದೆ. ತೆಳ್ಳಗೆ, ಸಿಪ್ಪೆ ಸುಲಿದ ಹಂಗೆ. ಊಟಕ್ಕೆ ಏಳ್ಲಿಲ್ಲ. ಗೋಡೆ ಮೊದ್ಲಿಗಿಂತ ಚೊಕ್ಕ ಆಯ್ತು, ಪದರ ಪದರ ಬೇರೆ ಬೇರೆಯಾಗಿ ಕಾಣ್ತು. ಸಾಹೇಬ್ರು ಪಕ್ಕ ಬಂದು ಬೆರಳಿಟ್ಟು ತೋರಿಸಿದ್ರು. ತಳದ್ದು ಕೆಳದಿ ಅರಸರ ಕಾಲದ್ದು, ಈ ನಗರ ಬಿದನೂರು ಅಂತ ದೊಡ್ಡ ರಾಜಧಾನಿ ಆಗಿದ್ದಾಗಿಂದು. ಅದರ ಮೇಲಿನ ಕರೀ ಗೆರೆ ಬೂದಿ, ಊರು ಸುಟ್ಟದ್ದು. ಬೂದಿ ಮೇಲೆ ಊರು ಗೆದ್ದ ನವಾಬರ ಕಾಲ, ಊರಿಗೆ ಬೇರೆ ಹೆಸರು. ಅದರ ಮೇಲೆ ಹುಲ್ಲಿನ ಬೇರು. ಇದು ನಾವು ಅಂದ್ರು. ಅಷ್ಟು ದೊಡ್ಡ ರಾಜಧಾನಿ ನನ್ನ ಎದೆಮಟ್ಟ ಇತ್ತು. ಬೂದಿ ಗೆರೆ ಮೇಲೇ ಅಂಟಿಕೊಂಡು ಮೂರು ಕಲ್ಲು, ಸುಟ್ಟ ಕಲ್ಲು. ಇದೇನು ಸ್ವಾಮಿ ಅಂದೆ. ಒಲೆ ಕಣಯ್ಯಾ, ಊರು ಸುಟ್ಟ ಮೇಲೆ ಯಾರೋ ಬಂದು ಅನ್ನ ಮಾಡಿಕೊಂಡಿದ್ದಾರೆ ಅಂದ್ರು.

ಆವತ್ತಿಂದ ಗೋಡೆ ಕೆತ್ತೋ ಕೆಲಸ ನಂದೇ ಆಯ್ತು, ಮಳೆಗಾಲ ಹಿಡಿಯೋವರೆಗೆ. ಮೇಸ್ತ್ರೀನೇ ಕೂಲಿ ಎಣಿಸಿ ಕೊಟ್ಟ. ನಮ್ಮನೆ ಒಲೇನೂ ಉರೀತು. ಆ ಪುಣ್ಯಾತ್ಮ ಸಾಹೇಬ್ರು ಎಲ್ಲಿದ್ದಾರೋ, ತಣ್ಣಗಿರ್ಲಿ. ಯಾರಾದ್ರೂ ಕೆಲಸ ಕೆಡಿಸಿದ್ರೆ ಓಡಿಸ್ಬೇಡಿ, ಅವನ ಕೈಲೇ ಸರಿ ಮಾಡಿಸಿ. ಏಳಿ, ಅನ್ನ ಆರ್ತದೆ.