ಗಣಿ ಕೆಳಗೋ, ಕೆರೆ ಆಚೆಗೋ

ಹಲೋ, ಭೂಕಂಪ ಕೇಂದ್ರ. ಯಾರು ಮಾತಾಡ್ತಿರೋದು?... ಹಾಂ? ಚಿಕ್ಕಮ್ಮಾ! ನಿಂಗೆ ಫೋನ್ ಮಾಡಿ ಮಾಡಿ ಸಾಕಾಯ್ತು, ಎತ್ತಬಾರದಾ?...

ಗೊತ್ತು, ಗೊತ್ತು. ಪಾತ್ರೆಯೆಲ್ಲಾ ಗಲಗಲ ಅಂತು, ಅಲ್ವಾ?... ಚಿಕ್ಕಪ್ಪ ಇನ್ನೂ ಗಣಿಯೊಳಗೇನಾ?... ಲಿಫ್ಟ್ ಓಡಿಸ್ತಿಲ್ಲ, ಹೌದು. ಅಲ್ಲಾಡಿದ್ದು ಎಲ್ಲಿ ಅಂತ ನಾವು ಹೇಳೋವರೆಗೆ ಬೇಡ ಅಂದಿದ್ದೀವಿ... ಬೈಬೇಡ ಚಿಕ್ಕಮ್ಮ, ಕೇಳಿಸ್ಕೋ.

ಹೆಂಗೆ ಹುಡುಕ್ತೀವಾ? ಮೊದಲು ಒಂದು ಚುರುಕು ಅಲೆ ಬರುತ್ತೆ, ಅದರ ಹಿಂದೆ ಒಂದು ಸೋಮಾರಿ ಅಲೆ. ನಡುವೆ ಜಾಸ್ತಿ ಹೊತ್ತಾದಷ್ಟೂ ಜಾಗ ದೂರ. ಆ ದೂರ ಹಿಡಿದು, ಅಲೆ ಬರ್ಕೊಳ್ಳೋ ಒಂದೊಂದು ಯಂತ್ರದ ಸುತ್ತ ಒಂದೊಂದು ವೃತ್ತ ಎಳೀತೀವಿ. ಈಗ ಎರಡು ವೃತ್ತ ಸಿಕ್ಕಿದೆ, ಅವು ಎರಡು ಕಡೆ ಕೂಡ್ತಿವೆ. ಒಂದು ಕೆರೆ ಆಚೆ. ಇನ್ನೊಂದು... ಹೂಂ. ಗಣಿ ಕೆಳಗೆ.

ಅಯ್ಯೋ, ಅಳಬೇಡ್ವೇ! ಅದಕ್ಕೇ ಮೂರನೇ ಯಂತ್ರ ಬೇಕು. ನಿನ್ನ ಸ್ಟೋರ್ ರೂಮಲ್ಲಿ ನಾನಿಟ್ಟ ಡಬ್ಬ ಇದೆಯಲ್ಲ, ಅದೇ. ಬೆಳಗಿಂದ ಅದರ ಸುದ್ದಿಯೇ ಇಲ್ಲ. ಹೋಗಿ ನೋಡು...

ಏನು? ಅದರ ಪ್ಲಗ್ಗಲ್ಲಿ ಇಸ್ತ್ರಿ ಪೆಟ್ಟಿಗೆನಾ? ಚಿಕ್ಕಮ್ಮಾ!... ಸರಿ, ಸರಿ, ಸೀರೆ ಸುಕ್ಕಾಗಿತ್ತು, ನಿನ್ನ ತಪ್ಪಿಲ್ಲ. ಬ್ಯಾಟರಿ ಇರೋದ್ರಿಂದ ಬರ್ಕೊಂಡಿರುತ್ತೆ, ನಮಗೆ ಕಳಿಸೋಕೆ ಮಾತ್ರ ಕರೆಂಟು ಬೇಕು. ಹಾಕು, ಬೇಗ ಹಾಕು...

ಹಸಿರು ದೀಪ ಬಂತಾ?... ಅಲ್ಲೇ ಅಲ್ಲಾಡದೆ ನಿಂತ್ಕೋ. ಬರ್ತಿದೆ... ಚುರುಕಿಂದು ಇಲ್ಲಿದೆ... ಸೋಮಾರಿದು ಎಲ್ಲಿ?... ಸ್ವಲ್ಪ ತಾಳು ಚಿಕ್ಕಮ್ಮ, ಹುಡುಕ್ತಿದ್ದೀನಿ... ಹಾಂ, ಸಿಕ್ತು...

ನಡುವೆ ನಾಲ್ಕು ಸೆಕೆಂಡು! ಸೆಕೆಂಡಿಗೆ ಸುಮಾರು ಎಂಟು ಕಿಲೋಮೀಟರು ಅಂತ ನಮ್ಮ ಲೆಕ್ಕ, ಅಂದ್ರೆ ಮೂವತ್ತೆರಡು ಕಿಲೋಮೀಟರು ದೂರ. ಗಣಿ ನಿನ್ನ ಮನೆ ಬೆನ್ನಿಗೇ ಇದೆ, ಅಲ್ಲಿಂದಾಗಿದ್ರೆ ಎರಡು ಅಲೆಯೂ ಜೊತೆಜೊತೆಗೇ ಬಂದುಬಿಡ್ತಿದ್ವು. ಇದು ಕೆರೆ ಆಚೆ. ಕೆರೆ ಆಚೆ ಚಿಕ್ಕಮ್ಮಾ!...

ದೊಡ್ಡದಾ? ತಾಳು. ಗೆರೆ ಎಷ್ಟೆತ್ತರ ಎದ್ದಿದೆ, ಎಷ್ಟು ದೂರದಿಂದ ಬಂದಿದೆ, ಎರಡನ್ನೂ ಸೇರಿಸಿ ನೋಡ್ಬೇಕು... ಎರಡು ಪಾಯಿಂಟ್ ಎಂಟು. ಪಾತ್ರೆ ಕುಣಿಸೋಕೆ ಸಾಕು, ಗಣಿ ಕೆಡವೋಕಲ್ಲ...

ಹೇಳಾಯ್ತು, ನಮ್ಮ ಸಾಹೇಬರು ಗಣಿಯವರ ಜೊತೆ ಇನ್ನೊಂದು ಫೋನಲ್ಲೇ ಇದ್ದಾರೆ. ಲಿಫ್ಟ್ ಇಳೀತಿದೆಯಂತೆ...

ಹಲೋ? ಅದೇನು ಧಡಧಡ? ಇಲ್ಲಿ ಪರದೆ ಮೇಲೆ ನಿನ್ನ ಡಬ್ಬದ ಗೆರೆಗಳು ಹುಚ್ಚೆದ್ದು... ಚಿಕ್ಕಮ್ಮ, ಕುಣೀತಿದ್ದೀಯಾ?... ಸರ್, ಏನಿಲ್ಲ ಸರ್, ಗಾಬರಿ ಬೇಡ, ಇದು ನಮ್ಮ ಚಿಕ್ಕಮ್ಮ!... ಕುಣಿ, ಕುಣಿ, ಯಾರು ಬೇಡ ಅಂದ್ರು! ಇದನ್ನ ಮಾತ್ರ ನಾನು ಅಳಿಸಲ್ಲ...

ಏನಂದೆ? ಗಣಿ ಗೇಟಿಗೆ ಓಡ್ತೀಯಾ? ಓಡು, ಚಪ್ಪಲಿ ಹಾಕ್ಕೊಂಡು... ಹಲೋ? ಚಿಕ್ಕಪ್ಪ ಸಿಕ್ಕಿದ ತಕ್ಷಣ ನಂಗೊಂದು... ಹಲೋ? ಚಿಕ್ಕಮ್...